ಅರಿಶಿನಕುಂಟೆಯಿಂದ ನೋಡಲು ಬಂದವರು

"ಎಡಗೈ ಸೆರಗಿನೊಳಗೇ ಇರ್ಲಿ," ಅನುಸೂಯಮ್ಮ ಮಗಳ ಕಿವಿಯಲ್ಲಿ ಪಿಸುಗುಟ್ಟಿದರು. "ಕಾಫಿ ಬಲಗೈಲೇ ಕೊಡು. ಆ ಬೊಂಬೆ ಸುದ್ದಿ ಮಾತ್ರ ಎತ್ತಬೇಡ."

ಹೊರಗೆ ಕಾರು ನಿಂತ ಸದ್ದಾಯಿತು.

ಅರ್ಪಿತಳನ್ನು ನೋಡಲು ಬರುತ್ತಾರೆಂದು ಬೈರಣ್ಣ ಹಿಂದಿನ ದಿನವಷ್ಟೇ ಫೋನು ಮಾಡಿದ್ದ. ಚನ್ನರಾಯಪಟ್ಟಣ ಹೋಬಳಿಯಲ್ಲಿ ಹಸು, ಸೈಟು, ಸಂಬಂಧ ಮೂರನ್ನೂ ಕುದುರಿಸುವವನು ಅವನೇ. ಹೋದ ವಾರ ದ್ರಾಕ್ಷಿ ತೋಟದ ಪಕ್ಕ ಬೈಕು ನಿಲ್ಲಿಸಿ, ಕೋತಿಗಳಿಗೆ ಮಣ್ಣಿನ ಹೆಂಟೆ ಬೀಸುತ್ತಿದ್ದ ಅರ್ಪಿತಳನ್ನು ಬಹಳ ಹೊತ್ತು ನೋಡಿದ್ದ. "ವಯಸ್ಸೆಷ್ಟಮ್ಮ? ಅರಿಶಿನಕುಂಟೇಲಿ ನಮ್ಮೋರೊಬ್ರು ಹುಡುಕ್ತಾವ್ರೆ," ಎಂದಿದ್ದ.

ಅರ್ಪಿತಳಿಗೆ ಮದುವೆ ಬೇಕಿರಲಿಲ್ಲ. ಊಟಕ್ಕೆ ಕೂತಾಗ ಎಡಗೈ ತಟ್ಟೆಗೆ ಹೋಗಿ ಎರಡು ಸಂಬಂಧ ತಪ್ಪಿದಾಗ ತಾಯಿ ಅತ್ತರು. ಅವಳು ನಿದ್ದೆ ಮಾಡಿದಳು. ಅವಳಿಗೆ ಬೇಕಾಗಿದ್ದು ಬೇರೆ. ಹೇಳಿದರೆ ಈ ಹೋಬಳಿಯಲ್ಲಿ ಅರ್ಥವಾಗುವಂಥದ್ದಲ್ಲ.

ಮೊದಲು ಆದಿಲಕ್ಷ್ಮಮ್ಮ ಬಂದರು. ಐವತ್ತು ದಾಟಿದ, ಗಟ್ಟಿ ದನಿಯ ಹೆಂಗಸು. ಹಿಂದೆಯೇ ಮಗ ಸುನಿಲ್‌ಕುಮಾರ್. ಕಿವಿ ಸ್ವಲ್ಪ ದೊಡ್ಡದು ಎನ್ನುವುದು ಬಿಟ್ಟರೆ ಹೆಸರಿಡುವ ಹಾಗಿರಲಿಲ್ಲ. ಅವನು ಅರ್ಪಿತಳ ಮುಖ ನೋಡಲಿಲ್ಲ. ಭುಜ ನೋಡಿದ, ಮೊಣಕೈ ನೋಡಿದ.

'ನಾಚಿಕೆ ಸ್ವಭಾವ,' ಅಂದುಕೊಂಡರು ಅನುಸೂಯಮ್ಮ.

"ಬಿಸಿಲಲ್ಲಿ ನಿಂತು ಅಭ್ಯಾಸ ಇದ್ಯಾ?" ಆದಿಲಕ್ಷ್ಮಮ್ಮ ಕೇಳಿದರು.

"ಬಿಸಿಲಿಗೆ ಬಿಟ್ಟೇ ಇಲ್ಲ ನಾವು! ಹೊಸಿಲು ದಾಟೋಳಲ್ಲ," ತಾಯಿಯೇ ಉತ್ತರಿಸಿದರು.

ಬಂದವರ ಮುಖ ಯಾಕೋ ಸಪ್ಪಗಾಯಿತು. ಅನುಸೂಯಮ್ಮ ಗಾಬರಿಯಲ್ಲಿ ಇನ್ನೊಂದು ದಾಳ ಉರುಳಿಸಿದರು. "ಅಡುಗೆ ಚೆನ್ನಾಗಿ ಮಾಡ್ತಾಳೆ."

"ಅದು ಹೆಂಗೋ ಆಗುತ್ತೆ ಬಿಡಿ. ನಮ್ಮಲ್ಲಿ ಎಂಟು ಜನ ಹೆಂಗಸ್ರು. ಇವಳೊಬ್ಬಳು ಬಂದ್ರೆ ಭರ್ತಿ. ಜಗಳ ಆಡ್ತಾರೆ, ಇಲ್ಲ ಅನ್ನಲ್ಲ. ಸಂಜೆಗೆ ಮತ್ತೆ ಒಂದಾಗ್ತಾರೆ."

ಎಂಟು ಜನ! ಅನುಸೂಯಮ್ಮ ಗಂಡನ ಕಡೆ ನೋಡಿದರು. ವೆಂಕಟರಾಯಪ್ಪ ಮಾಡಿನ ಕಡೆ ನೋಡಿದರು.

"ನೀವು ಏನೂ ಕೊಡೋದು ಬೇಡ," ಆದಿಲಕ್ಷ್ಮಮ್ಮ ಮುಂದುವರಿಸಿದರು. "ಬಟ್ಟೆ, ಬೂಟು ಎಲ್ಲ ನಮ್ಮದೇ."

ಬೂಟನ್ನೂ ಬೀಗರ ಕೈಯಿಂದ ಕೇಳದ ಗಂಡಿನ ಕಡೆಯವರನ್ನು ವೆಂಕಟರಾಯಪ್ಪ ತಮ್ಮ ಜನ್ಮದಲ್ಲಿ ಕಂಡಿರಲಿಲ್ಲ. ಅವರು ನೆಟ್ಟಗೆ ಕೂತರು.

ಸುನಿಲ್‌ಕುಮಾರನ ಫೋನು ನಡುಗಿತು. "ನೋಡ್ತಾ ಇದ್ದೀವಿ, ಇರು," ಎಂದು ಮೆಲ್ಲಗೆ ಹೇಳಿ ಇಟ್ಟ.

ಅರ್ಪಿತಳಿಗೆ ದಿಗಿಲಾಯಿತು. ಈ ಜನ ಯಾವುದಕ್ಕೂ ಬೆದರುವಂತೆ ಕಾಣಲಿಲ್ಲ. ಆದಿಲಕ್ಷ್ಮಮ್ಮ "ಬಿಡುವಾದಾಗ ಏನ್ ಮಾಡ್ತೀಯಾ, ಮಗ?" ಎಂದದ್ದೇ ತಡ, ಸೆರಗಿನಿಂದ ಎಡಗೈ ತೆಗೆದು ಕಾಫಿ ಲೋಟವನ್ನು ಅದರಲ್ಲೇ ಚಾಚಿದಳು.

"ಮೊಬೈಲಲ್ಲಿ ಜಪಾನಿನ ಬೊಂಬೆ ಸರಣಿ ನೋಡ್ತೀನಿ, ಕಾರ್ಟೂನು. ಹುಡುಗೀರು ಬೇಸ್‌ಬಾಲ್ ಆಡೋದು. ಎಲ್ಲಾ ಕಂತನ್ನೂ ಮತ್ತೆ ಮತ್ತೆ ನೋಡಿದ್ದೀನಿ."

ಅನುಸೂಯಮ್ಮ ಕಣ್ಣಲ್ಲೇ ಬೇಡಿದರು. ಅರ್ಪಿತ ನಿಲ್ಲಿಸಲಿಲ್ಲ.

ಶಾಲೆಯ ಮೈದಾನದಲ್ಲಿ ಮೊಣಕಾಲುದ್ದ ಕಳೆ ಬೆಳೆದಿರುತ್ತದೆ ಎಂದಳು. ಮೊದಲ ಕಂತಿನಲ್ಲಿ ಆಟವೇ ಇಲ್ಲ, ಇಬ್ಬರು ಹುಡುಗಿಯರು ಆ ಕಳೆ ಕೀಳುತ್ತಾರೆ, ಅಷ್ಟೇ. ಚೆಂಡು ಕಂಡರೆ ಕಣ್ಣು ಮುಚ್ಚುವ ಒಬ್ಬಳಿದ್ದಾಳೆ. ಅವಳು ಕಣ್ಣು ತೆರೆದು ಮೊದಲ ಕ್ಯಾಚು ಹಿಡಿದ ದಿನ ತಾನು ತೋಟದಲ್ಲಿ ಒಬ್ಬಳೇ ಚಪ್ಪಾಳೆ ಹೊಡೆದೆ ಎಂದಳು. "ಗೆಲ್ಲೋದು ತುಂಬಾ ಕಮ್ಮಿ ಆಂಟಿ. ಸೋತ ಮೇಲೂ ಟೋಪಿ ತೆಗೆದು ಮೈದಾನಕ್ಕೆ ಕೈ ಮುಗೀತಾರೆ. ಸಾಲಾಗಿ ಕೂತು ಅನ್ನದ ಉಂಡೆ ತಿಂತಾರೆ. ಯಾರೂ ಅವರನ್ನ ಮುಂದೇನು ಅಂತ ಕೇಳಲ್ಲ." ಹೆದರಿಸಲು ಶುರು ಮಾಡಿದ ಮಾತು ಯಾವಾಗ ನಿಜವಾಯಿತೋ ಅವಳಿಗೇ ತಿಳಿಯಲಿಲ್ಲ. "ಅಲ್ಲಿ ಚೆಂಡು ಎಸೆಯೋಳೂ ನನ್ನ ಹಾಗೇ ಎಡಚಿ. ಅವಳ ಥರ ಕಾಲೆತ್ತಿ ಎಸೆದ್ರೆ ಕೋತಿ ಯಾವ ಕೊಂಬೇಲಿದ್ರೂ ತಪ್ಪಲ್ಲ."

ವೆಂಕಟರಾಯಪ್ಪ ಕಣ್ಣು ಮುಚ್ಚಿದರು. ಮೂರನೇ ಸಂಬಂಧವೂ ಹೋಯಿತು.

ಆದಿಲಕ್ಷ್ಮಮ್ಮ ಲೋಟ ಕೆಳಗಿಟ್ಟರು. ಕಣ್ಣು ಒದ್ದೆಯಾಗಿತ್ತು.

"ನಮಗೆ ಒಪ್ಪಿಗೆ," ಎಂದರು.

ವೆಂಕಟರಾಯಪ್ಪ ತಡವರಿಸಿದರು. "ಹುಡುಗನ್ನೂ ಒಂದ್ ಮಾತು..."

"ಎಡಗೈ ಅಂತ ಗೊತ್ತಾದಾಗ್ಲೇ ನಂಗೆ ಒಪ್ಪಿಗೆ ಆಯ್ತು ಸಾರ್," ಎಂದ ಸುನಿಲ್‌ಕುಮಾರ್. "ಎಷ್ಟು ಹುಡುಕಿದ್ರೂ ಇಂಥೋರು ಸಿಕ್ಕಿರ್ಲಿಲ್ಲ."

ಅರ್ಪಿತ ಮೊದಲ ಸಲ ಅವನನ್ನು ಸರಿಯಾಗಿ ನೋಡಿದಳು. ಅಷ್ಟುದ್ದ ಕಥೆಯನ್ನು ಆಕಳಿಸದೆ ಕೇಳಿದವನು. ಎಡಗೈಯನ್ನು ಮೆಚ್ಚಿದವನು. ಕಿವಿ ಅಷ್ಟೇನೂ ದೊಡ್ಡದಲ್ಲ ಅನ್ನಿಸಿತು. ಹಾಳಾಗಲಿ, ಒಪ್ಪಿದರೆ ನಷ್ಟವೇನು ಎಂದೂ ಅನ್ನಿಸಿತು. ಕೆನ್ನೆ ಬಿಸಿಯಾಯಿತು.

ಅನುಸೂಯಮ್ಮ ಅರಿಶಿನ ಕುಂಕುಮದ ತಟ್ಟೆ ಹಿಡಿದು ಓಡಿಬಂದರು. "ಬಾ ಮಗಳೇ, ಅವರ ಪಕ್ಕದಲ್ಲಿ ನಿಂತ್ಕೋ. ಜೋಡಿ ಒಂದ್ ಫೋಟೋ ತೆಗೀಲಿ ನಿಮ್ಮಪ್ಪ."

"ಅಯ್ಯಯ್ಯೋ, ಇವನ ಪಕ್ಕ ನಿಲ್ಲಿಸಿದ್ರೆ ಇವನ ಹೆಂಡ್ತಿ ಸುಮ್ನೆ ಬಿಟ್ಟಾಳಾ?" ಆದಿಲಕ್ಷ್ಮಮ್ಮ ಹೌಹಾರಿದರು. "ನಮ್ಮೂರ ಹೆಂಗಸರ ಬೇಸ್‌ಬಾಲ್ ಟೀಮಿಗೆ ಅವಳೇ ಕ್ಯಾಪ್ಟನ್ನು. ಚೆಂಡು ಎಸೆಯೋಕೆ ಒಳ್ಳೆ ಹುಡುಗಿ ಇದ್ದಾಳೆ ಅಂತ ಬೈರಣ್ಣ ಹೇಳಿದ್ದಕ್ಕೆ ಅಲ್ವೇನಮ್ಮ ನಾವು ಬಂದಿದ್ದು!"