ಚುಕ್ಕಾಣಿಯ ತುಕ್ಕು

ತಿಮ್ಮರಾಜು ದೋಣಿಯ ಚುಕ್ಕಾಣಿಯ ಕೀಲಿಗೆ ಸ್ಪ್ಯಾನರ್ ಹಾಕಿ ಒಂದು ಸುತ್ತು ತಿರುಗಿಸಿದನಷ್ಟೆ, ಬೋಲ್ಟಿನ ತಲೆ ಮುರಿದು ಅಂಗೈಗೆ ಬಿತ್ತು.

ಕೂರಿಸಿ ಇನ್ನೂ ತಿಂಗಳು ತುಂಬಿರಲಿಲ್ಲ. ಹೊಸ ಕಬ್ಬಿಣಕ್ಕೆ ಅವನೇ ಎರಡು ಸಲ ಬಣ್ಣ ಬಳಿದಿದ್ದ. ಈಗ ಆ ಬಣ್ಣ ಗುಳ್ಳೆಯೆದ್ದು, ಅದರಡಿಯ ತುಕ್ಕು ಹುಣ್ಣಿನ ಹಾಗೆ ಬಾಯಿಬಿಟ್ಟಿತ್ತು. ಮೂಗಿನ ಹತ್ತಿರ ಹಿಡಿದ. ಹುಳಿ ಹುಳಿ ವಾಸನೆ.

"ಆಸಿಡ್ಡು," ಎಂದ.

ದೋಣಿಯೊಳಗೆ ಕುಳಿತು ಹಗ್ಗ ಸುತ್ತುತ್ತಿದ್ದ ಮಗಳು ಮೇಘನ ತಲೆಯೆತ್ತಿದಳು. "ನೀರಲ್ಲಿರೋ ಕಬ್ಣ ತುಕ್ಕು ಇಡೀದೆ ಇನ್ನೇನು ಚಿನ್ನ ಆಯ್ತದಾ ಅಪ್ಪ?"

"ಕಾವೇರೀದು ಸೀನೀರು ಕಣವ್ವ. ನಮ್ ಪಂಪ್‌ಸೆಟ್ಟಿನ ಪೈಪು ವರ್ಸಾನುಗಟ್ಲೆಯಿಂದ ಅದೇ ನೀರಲ್ಲಿ ಬಿದ್ದದೆ. ಅದಕ್ಯಾಕೆ ಇಂಗಾಗಿಲ್ಲ? ಬೇಕಂತ ಯಾರೋ ಮಾಡ್ತಾವ್ರೆ."

"ನಿನ್ ತಲೇಗೇ ತುಕ್ಕು ಇಡ್ದದೆ, ಬುಡು."

ಅವಳು ನಕ್ಕಳು. ಅವನು ನಗಲಿಲ್ಲ.

ಹಿನ್ನೀರಿನ ದಡದಲ್ಲಿ ತಿಮ್ಮರಾಜುವಿನ ಕಬ್ಬಿನ ಗದ್ದೆ ಮುಗಿಯುವ ಕಡೆ ಒಂದು ಹೊಂಗೆ ಮರ. ಆ ಪುಟ್ಟ ಹಾಯಿದೋಣಿ ಇರುತ್ತಿದ್ದುದು ಅದರ ನೆರಳಿನಲ್ಲಿ. ಮಗಳಿಗೆ ಹಾಯಿದೋಣಿ ಓಟ ಕಲಿಸುವ ತರಬೇತಿಯವರು ಹಳೆಯದೆಂದು ಕೈಬಿಟ್ಟಿದ್ದನ್ನು ಅವಳಿಗೆಂದೇ ಕೊಂಡು ತಂದಿದ್ದ. ಬಾಗಿಲು ಚೌಕಟ್ಟಿಗೆ ತೂಗುಬಿದ್ದ ಹಾಗೆ ಚುಕ್ಕಾಣಿ ದೋಣಿಯ ಹಿಂಬದಿಯ ಹಲಗೆಗೆ ತೂಗುಬಿದ್ದಿರುತ್ತದೆ. ಹಲಗೆಗೆ ಬಳೆ, ಚುಕ್ಕಾಣಿಗೆ ಆ ಬಳೆಯೊಳಗೆ ಇಳಿಯುವ ಮೊಳೆ. ಆ ಕೀಲು ಕಿತ್ತುಹೋದರೆ ದೋಣಿ ಗಾಳಿಯ ಪಾಲು.

ಯುಗಾದಿ ಕಳೆದ ಮೇಲೆ ಒಮ್ಮೆ ಹಾಗೇ ಆಗಿತ್ತು. ನಡುನೀರಿನಲ್ಲಿ ಬಳೆ ಮುರಿದು ದೋಣಿ ಮಗುಚಿತು. ಮೀನು ಹಿಡಿಯುವವರ ತೆಪ್ಪ ಆ ಕಡೆಗೆ ಬರದಿದ್ದರೆ ಮೇಘನ ಇಂದು ಇರುತ್ತಿರಲಿಲ್ಲ. ಹಳೇ ಬಳೆ, ಬಿರುಕು ಬಿಟ್ಟಿತ್ತು ಎಂದರು ಎಲ್ಲರೂ. ತಿಮ್ಮರಾಜು ಒಪ್ಪಲಿಲ್ಲ. ಪಾಂಡವಪುರದ ಕಡೆ ಸಕ್ಕರೆ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದವನು ತಾನೇ ಹೊಸ ಕೀಲು ಮಾಡಿ ಕೂರಿಸಿದ. ಅದನ್ನು ತುಕ್ಕು ತಿಂದಿತು. ಕಿತ್ತು ಮತ್ತೊಂದು ಹಾಕಿದ. ಈಗ ಅದೂ ಹೋಯಿತು.

ಭಾನುವಾರ ರಾಜ್ಯದ ಹಾಯಿದೋಣಿ ತಂಡದ ಆಯ್ಕೆ. ಆಷಾಢದ ಗಾಳಿ. ಆರಿಸುವುದು ಒಬ್ಬಳನ್ನೇ: ಮೇಘನ, ಇಲ್ಲವೇ ಶ್ರೀರಂಗಪಟ್ಟಣದ ರಾಘವ ಮೇಷ್ಟ್ರ ಮಗಳು ಪ್ರಜ್ಞ. ಪ್ರಜ್ಞಳ ದೋಣಿಯೂ ಅದೇ ಹೊಂಗೆ ಮರದಡಿ ಇತ್ತು. ಅದರ ಕೀಲು ಮಾತ್ರ ಫಳಫಳ ಹೊಳೆಯುತ್ತಿತ್ತು.

ಸ್ಕೂಟರ್ ನಿಲ್ಲಿಸಿ ಬಂದ ಮೇಷ್ಟ್ರು ಬಗ್ಗಿ ನೋಡಿದರು. "ಕಬ್ಬಿಣ ಬೇಡ ಅಂತ ಅವತ್ತೇ ಹೇಳಿದೆನಲ್ಲ ತಿಮ್ಮರಾಜು ಅವರೇ. ಭಾನುವಾರದ ಗಾಳಿಗೆ ಇದು ನಿಲ್ಲಲ್ಲ. ಮಗು ನೀರುಪಾಲಾದ ಮೇಲೆ ಯಾರ ಮೇಲೆ ಕೂಗಾಡಿ ಏನು ಬಂತು?"

ತಿಮ್ಮರಾಜು ನಿಧಾನವಾಗಿ ಎದ್ದು ನಿಂತ. "ನಿಲ್ಲಾಕಿಲ್ಲ ಅಂತ ನಿಮಗೆಂಗೆ ಗೊತ್ತಾಯ್ತು ಐನೋರೆ?"

"ನೋಡಿದರೆ ಗೊತ್ತಾಗಲ್ವೆ?"

"ನೋಡ್ದೋರಿಗೆ ಗೊತ್ತಾಗಾಕಿಲ್ಲ. ಮಾಡ್ದೋರಿಗೆ ಗೊತ್ತಾಯ್ತದೆ."

ಮೇಷ್ಟ್ರ ಮುಖ ಕಪ್ಪಿಟ್ಟಿತು. "ನಮ್ಮ ಹತ್ತಿರ ಸ್ಟೀಲಿಂದು ಇನ್ನೊಂದು ಜೊತೆ ಇದೆ, ಕೊಡೋಣ ಅಂತ ಬಂದೆ."

"ಅದ್ರಲ್ಲೇನು ಮಾಡಿಟ್ಟಿದ್ದೀರೋ! ಮೊದ್ಲು ನಿಮ್ ದೋಣಿ ನಮ್ ಜಮೀನಿಂದ ಎತ್ತಿ."

ಸಂಜೆಯೊಳಗೆ ಗೂಡ್ಸ್ ಆಟೋ ಬಂತು. ಪ್ರಜ್ಞ ಅಳುತ್ತಾ ದೋಣಿಯ ಹಿಂದೆ ನಡೆದಳು. ಮೇಘನ ಅಪ್ಪನ ಜೊತೆ ಮಾತು ಬಿಟ್ಟಳು.

ತಿಮ್ಮರಾಜು ಮೂರನೆಯ ಸಲ ಕೀಲು ಕೂರಿಸಿದ. ಊಟಕ್ಕೆ ಕುಳಿತಾಗ ತಾಯಿ ದೊಡ್ಡತಾಯಮ್ಮ ಮುದ್ದೆ ಬಡಿಸುತ್ತಾ ಕೇಳಿದಳು, "ಗಟ್ಟಿಯಾಗದಾ ಮಗಾ?"

"ಗಟ್ಟಿಯಾಗೇ ಅದೆ ಅವ್ವ. ಉಳ್ಸುದ್ರೆ ತಾನೆ?"

"ರಂಗನಾಥ ಅವ್ನೆ, ಉಣ್ಣು."

ಅವನ ಲೆಕ್ಕವೇ ಬೇರೆ ಇತ್ತು. ದೋಣಿ ಎತ್ತಿಸಿದ ಸಿಟ್ಟಿಗೆ ಮೇಷ್ಟ್ರು ಸುಮ್ಮನಿರುವ ಆಸಾಮಿಯಲ್ಲ. ಭಾನುವಾರಕ್ಕೆ ಮುಂಚೆ ಬಂದೇ ಬರುತ್ತಾರೆ.

ಶನಿವಾರ ಇನ್ನೂ ಬೆಳಕು ಹರಿದಿರಲಿಲ್ಲ. ತಿಮ್ಮರಾಜು ಹಾರೆ ಹಿಡಿದು ಕಬ್ಬಿನ ಮರೆಯಲ್ಲಿ ಕುಳಿತ. ಮಂಜು ನೀರಿನ ಮೇಲೆ ಅಂಗಾತ ಮಲಗಿತ್ತು. ಹುಟ್ಟಿದಾಗಿನಿಂದ ಅವನು ದೇವರಲ್ಲಿ ಬೇಡಿದ್ದೆಲ್ಲ ಕಾಪಾಡು ಎಂದೇ. ಆ ಹೊತ್ತು ಬೇಡಿದ್ದು ಬೇರೆ: ಸ್ವಾಮೀ, ಇವತ್ತು ಯಾರೇ ಬರಲಿ, ನನ್ನ ಕೈ ತಡೆಯಬೇಡ.

ತರಗೆಲೆ ಸರಕ್ಕೆಂದಿತು. ತಲೆಯ ಮೇಲೆ ಕಂಬಳಿ ಹೊದ್ದ ಆಕೃತಿಯೊಂದು ದೋಣಿಯ ಹಿಂಬದಿಗೆ ನಡೆದು ಚುಕ್ಕಾಣಿಯ ಮುಂದೆ ಕುಕ್ಕರಿಸಿತು. ಏನನ್ನೋ ಸುರಿಯುವ ಸದ್ದು. ಗಾಳಿಯಲ್ಲಿ ಅದೇ ಹುಳಿ ವಾಸನೆ. ತಿಮ್ಮರಾಜು ಎರಡೇ ದಾಪುಗಾಲಿನಲ್ಲಿ ಹತ್ತಿರ ಬಂದು ಹಾರೆ ಎತ್ತಿದ.

ಆಕೃತಿ ತನ್ನಷ್ಟಕ್ಕೆ ಗುನುಗುತ್ತಿತ್ತು. "ಊರ ಕಣ್ಣು, ನಾರಿ ಕಣ್ಣು, ನಾಯಿ ಕಣ್ಣು, ನರಿ ಕಣ್ಣು…"

ಎತ್ತಿದ ಕೈ ಎತ್ತಿದಲ್ಲೇ ನಿಂತಿತು. "ಅವ್ವ?"

ದೊಡ್ಡತಾಯಮ್ಮ ತಿರುಗಿದಳು. ಒಂದು ಕೈಯಲ್ಲಿ ಉಪ್ಪು ಕದಡಿದ ನೀರಿನ ಚೊಂಬು, ಇನ್ನೊಂದರಲ್ಲಿ ಹಿಂಡಿದ ನಿಂಬೆಯ ಹೋಳು. ಕೀಲಿನಿಂದ ಹನಿ ತೊಟ್ಟಿಕ್ಕುತ್ತಿತ್ತು.

"ಇಂಥ ಹೊತ್ನಲ್ಲಿ ಮಾತಾಡುಸ್ಬಾರ್ದು ಕಣ್ಲಾ," ಎಂದು ಗದರಿದಳು. ಮಗನ ಮುಖ ನೋಡಿ ದನಿ ತಗ್ಗಿಸಿದಳು. "ಮೊದಲ್ನೇ ಸಲ ಮುರ್ದಾಗ, ಕೂಸಿನ ಮ್ಯಾಲೆ ಯಾರ್ದೋ ಹೊಟ್ಟೆಕಿಚ್ಚು ಬಿದ್ದದೆ ಅಂತ ನೀನೇ ತಾನೆ ಬಂದು ಯೋಳ್ದೋನು? ಅವತ್ತಿಂದ ಒಂದು ಬೆಳಿಗ್ಗೇನೂ ತಪ್ಸಿಲ್ಲ ಮಗಾ, ದೃಷ್ಟಿ ನೀವಾಳ್ಸಿ ಈ ಕೀಲಿಗೇ ಉಯ್ತಾ ಇವ್ನಿ."