ಪಟ್ಟಿ ಅಂದರೆ

ರೆಫರಿಯಾಗಿದ್ದ ಸಜಿನ ಟೀಚರ್ ಸೀಟಿ ಊದಿ, ಎರಡೂ ಅಂಗೈಗಳನ್ನು ‘ಟಿ’ ಅಕ್ಷರದಂತೆ ಜೋಡಿಸಿ ಹಿಡಿದಳು. ಟೆಕ್ನಿಕಲ್ ಫೌಲ್! ಪನಮರಂನ ಬಾಸ್ಕೆಟ್‌ಬಾಲ್ ಅಂಗಳದ ಗದ್ದಲ ತಟ್ಟನೆ ನಿಂತಿತು. ಪಂದ್ಯ ಸಮಬಲದಲ್ಲಿತ್ತು, ಕೊನೆಯ ನಿಮಿಷ ಓಡುತ್ತಿತ್ತು. ಪೆರಿಕಲ್ಲೂರು ತಂಡದ ಮಾನಸಾಗೆ ಆಗಲೇ ಒಂದು ಟೆಕ್ನಿಕಲ್ ಬಿದ್ದಿತ್ತು, ಸಿಟ್ಟಿನಿಂದ ಚೆಂಡನ್ನು ನೆಲಕ್ಕೆ ಬಡಿದದ್ದಕ್ಕೆ. ಇದು ಎರಡನೆಯದು. ಅಂದರೆ ಅವಳು ಆಟದಿಂದ ಹೊರಗೆ, ಎದುರಾಳಿಗಳಿಗೆ ಒಂದು ಫ್ರೀ ಥ್ರೋ.

“ನಾನೇನು ಮಾಡಿದೆ ಟೀಚರೇ?”

“ಮಿನಿಯ ಮುಖ ನೋಡಿ ‘ಪಟ್ಟಿ’ ಅಂತ ಕೂಗಿದೆಯಲ್ಲ.”

ಪಯ್ಯಂಪಳ್ಳಿ ತಂಡದ ನಾಯಕಿ ಮಿನಿ ಹೌದೆಂದು ತಲೆಯಾಡಿಸಿದಳು. ಮಲಯಾಳದಲ್ಲಿ ಪಟ್ಟಿ ಎಂದರೆ ನಾಯಿ. ಅಲ್ಲಿದ್ದ ಬಹಳ ಜನರಿಗೆ ಕೇಳಿಸಿದ್ದೂ ಆ ಬೈಗುಳವೇ.

“ಅಯ್ಯೋ, ನಮ್ಮ ತಂಡದ ಇವಳ ಮೊಣಕಾಲಿನ ಪಟ್ಟಿ ಬಿಚ್ಚಿಹೋಗಿತ್ತು. ಅದನ್ನೇ ತುಳಿದು ಬೀಳ್ತಾಳೆ ಅಂತ ಕೂಗಿದೆ. ಮಿನಿ ಅಡ್ಡ ಬಂದಳು ಅಷ್ಟೆ. ಅವಸರದಲ್ಲಿ ಬಾಯಿಗೆ ಮನೆ ಮಾತು ಕನ್ನಡ ಬಂತು.” ಮಾನಸಾ ಜೊತೆಗಾತಿಯ ಕಾಲು ತೋರಿಸಿದಳು. ಪಟ್ಟಿ ನಿಜವಾಗಿಯೂ ಪಾದದ ಮೇಲೆ ಜಾರಿ ಬಿದ್ದಿತ್ತು.

“ಈಗಷ್ಟೇ ಬೇಕಂತ ಬಿಚ್ಚಿಕೊಂಡಿರ್ತಾರೆ,” ಎಂದಳು ಮಿನಿ.

ಎದುರಾಳಿಯನ್ನು ಅವಮಾನಿಸುವ ಮಾತಿಗೆ ಟೆಕ್ನಿಕಲ್ ಎಂಬ ನಿಯಮ ಸಜಿನಳಿಗೆ ಬಾಯಿಪಾಠ. ಆದರೆ ಮಾತು ಯಾರದು? ಆಡಿದವರದೋ, ಕೇಳಿದವರದೋ? ಅದನ್ನು ಯಾರೂ ಅವಳಿಗೆ ಹೇಳಿಕೊಟ್ಟಿರಲಿಲ್ಲ. ಸಿಟ್ಟು ಇಳಿದು ಅವಳಿಗೆ ಕುತೂಹಲ ಹುಟ್ಟಿತು.

“ಕನ್ನಡ ಬರೋರು ಯಾರಿದ್ದೀರಿ?”

ಪೆರಿಕಲ್ಲೂರಿನವರ ಕೈಗಳು ಮೇಲೆದ್ದವು.

“ನೀವಲ್ಲ. ಆ ಕಡೆಯವರು.”

ಮಿನಿಯ ತಂಡದಿಂದ ಚಿಕ್ಕಿ ಮುಂದೆ ಬಂದಳು. ಕಾಡಂಚಿನ ಹಾಡಿಯ ಹುಡುಗಿ. ಅವಳ ಬಾಯಲ್ಲಿ ಮಲಯಾಳ ಬಿಟ್ಟು ಬೇರೆ ಮಾತನ್ನು ತಂಡದವರು ಕೇಳಿಯೇ ಇರಲಿಲ್ಲ.

“ಎಡೀ, ನಿನಗೆಲ್ಲಿಂದ ಬಂತು ಕನ್ನಡ?” ಎಂದಳು ಮಿನಿ.

“ನಮ್ಮ ಮನೇಲಿ ಅದೇ ಮಾತು,” ಎಂದು ಚಿಕ್ಕಿ ಮಾನಸಾಳ ಕಡೆ ತಿರುಗಿ ಕನ್ನಡದಲ್ಲಿ ಕೇಳಿದಳು, “ಪಟ್ಟಿ ಅಂದ್ಮೇಲೆ ಇನ್ನೊಂದು ಮಾತೂ ಅಂದೆಯಲ್ಲ. ಏನದು?”

“ಕಟ್ಕೋ ಅಂದೆ.”

“ಶರಿ. ನಂಗೂ ಹಂಗೇ ಕೇಳ್ತು.” ಆಮೇಲೆ ಸಜಿನಳಿಗೆ ಮಲಯಾಳದಲ್ಲಿ ಹೇಳಿದಳು, “ಕಾಲಿನ ಪಟ್ಟಿ ಕಟ್ಟಿಕೋ ಅಂದಳು ಟೀಚರೇ. ಬೈದದ್ದಲ್ಲ.”

ಸಜಿನ ಟೆಕ್ನಿಕಲ್ ಹಿಂತೆಗೆದುಕೊಂಡಳು. ಆಟ ಮತ್ತೆ ಶುರುವಾದೊಡನೆ ಮಾನಸಾ ಎಸೆದ ಚೆಂಡು ಬುಟ್ಟಿಯ ಅಂಚಿಗೆ ಬಡಿದು, ಸುತ್ತಿ, ಒಳಗೆ ಬಿತ್ತು. ಪೆರಿಕಲ್ಲೂರು ಗೆದ್ದಿತು.

ಪಯ್ಯಂಪಳ್ಳಿಯ ಹುಡುಗಿಯರು ಚಿಕ್ಕಿಯಿಂದ ದೂರ ಕೂತು ಶೂ ಬಿಚ್ಚಿದರು. ಅವಳೊಬ್ಬಳೇ ನೀರಿನ ಬಾಟಲಿಯ ಮುಚ್ಚಳ ತಿರುಗಿಸುತ್ತಿದ್ದಳು. ಮಿನಿ ಎದ್ದು ಹೋಗಿ ಪಕ್ಕದಲ್ಲಿ ಕೂತಳು. ಬೈಯಲೆಂದೇ ಬಂದಿದ್ದಳೋ ಏನೋ. ಆದರೆ ಕೇಳಿದ್ದು ಬೇರೆ:

“ಅಲ್ಲೆಡೀ, ನಮ್ಮ ಪಟ್ಟಿಗೆ ನಿಮ್ಮ ಮನೇಲಿ ಏನಂತೀರಿ?”

“ನಾಯಿ.”

ಮಿನಿ ಹುಬ್ಬೇರಿಸಿದಳು. “ನಾವೂ ನಾಯ ಅಂತೀವಲ್ಲ. ಅದು ನಮ್ಮ ಮಾತು!”

“ನಮ್ದೂ ಹೌದು,” ಎಂದಳು ಚಿಕ್ಕಿ, ಕನ್ನಡದಲ್ಲೇ.