ಹನ್ನೆರಡನೆಯ ಕಾಲು

ಚರ್ಚಿನೊಳಗೆ ನಡೆದದ್ದನ್ನು ಹೊರಗೆ ಹೇಳುವಷ್ಟು ತಿಳಿದವನು ನಾನಲ್ಲ. ಹೇಳದೆ ಇರಲೂ ಆಗುತ್ತಿಲ್ಲ. ಹೆಚ್ಚುಕಡಿಮೆ ಆಗಿದ್ದರೆ ಹೊಟ್ಟೆಗೆ ಹಾಕಿಕೊಳ್ಳಬೇಕು.

"ಆ ಕಾಲು ತಗೊಂಡು ಒಳಗ ಬರಬ್ಯಾಡ!" ಎಂದು ರೂಬೇನಪ್ಪ ಮಾಸ್ತರರು ಬಾಗಿಲಿಗೆ ಅಡ್ಡ ನಿಂತರು. ಎದುರಿಗಿದ್ದವನು ದುರುಗೇಶ, ಬ್ಯಾಡಗಿ ಮೆಣಸಿನಕಾಯಿ ಪೇಟೆಯ ಹಮಾಲ. ಅವನ ಪಾದದಿಂದ ಮೊಣಕಾಲವರೆಗೆ ಕೆಂಪು ಧೂಳು.

ಅದು ಹೋದ ವರ್ಷದ ಪವಿತ್ರ ಗುರುವಾರ. ಯೇಸು ಶಿಷ್ಯರ ಕಾಲು ತೊಳೆದ ನೆನಪಿಗೆ ಫಾದರ್ ಹನ್ನೆರಡು ಜನರ ಬಲಗಾಲು ತೊಳೆದು ಮುತ್ತಿಡುವ ದಿನ. ಆ ಹನ್ನೆರಡು ಹೆಸರು ಬರೆಯುವವರು ಮಾಸ್ತರರು. ಹೆಸರು ಬಂದವರು ಮನೆಯಲ್ಲೇ ಸಾಬೂನು ಹಚ್ಚಿ ಕಾಲು ತಿಕ್ಕಿ, ಉಗುರು ಕತ್ತರಿಸಿ, ಬಿಳಿ ಕಾಲುಚೀಲ ಹಾಕಿಕೊಂಡು ಬರಬೇಕು. ಇಪ್ಪತ್ತು ವರ್ಷದಿಂದ ಇದು ಅವರ ಕಟ್ಟಳೆ. ಹನ್ನೆರಡು ಕಾಲು ತೊಳೆದ ಮೇಲೂ ಬೋಗುಣಿಯ ನೀರು ತಿಳಿಯಾಗಿಯೇ ಇದ್ದರೆ ಅವರಿಗೆ ಸಮಾಧಾನ. ಆರು ವರ್ಷ ಕಾದ ದುರುಗೇಶನ ಹೆಸರು ಆ ಸಲ ಬಂದಿತ್ತು. ಆದರೆ ಗುರುವಾರ ಪೇಟೆಯ ದಿನ. ಲಾರಿ ತುಂಬಿ ಮುಗಿಯುವಾಗಲೇ ಗಂಟೆ ಆರು. ಹೊಸ ಕಾಲುಚೀಲ ಅಂಗಿಯ ಕಿಸೆಯಲ್ಲೇ ಇತ್ತು.

"ಇಲ್ಲೇ ತೊಳಕೊಳ್ಳೂಣು ಅಂದ್ರ ನಳದಾಗ ನೀರಿಲ್ಲರಿ ಮಾಸ್ತರ."

"ಮನ್ಯಾಗ ಮಾಡಿ ಬರೂ ಕೆಲಸ ಅದು. ಫಾದರ್ ಕೈಲೆ ಈ ಹೊಲಸು ತೊಳಸ್ತೀಯೇನು?"

ದುರುಗೇಶನ ಹಿಂದಿದ್ದ ಅವನ ಹೆಂಡತಿ ಸುಧಾರಾಣಿ ಇಣುಕಿದಳು. "ಹಂಗಾರ ಒಳಗ ಆ ಹಿತ್ತಾಳಿ ತಂಬಿಗ್ಯಾಗ ನೀರ ಯಾಕ ಇಟ್ಟೀರಿ? ತೊಳದ ಕಾಲಿಗೆ ಮತ್ತೊಮ್ಮೆ ಜಳಕ ಮಾಡ್ಸಾಕೇನ್ರಿ?"

"ನೀ ಸುಮ್ಮನಿರಬೇ. ಇದು ಪದ್ಧತಿ."

ಅಷ್ಟರಲ್ಲಿ ಫಾದರ್ ಬಾಗಿಲಿಗೆ ಬಂದರು. ಮಂಗಳೂರು ಕಡೆಯವರು, ಬಂದು ಎರಡೇ ತಿಂಗಳಾಗಿತ್ತು. ಕಾಲು ನೋಡಿದರು, ಮುಖ ನೋಡಿದರು. "ಹನ್ನೆರಡನೆಯವರು ಇವರೇ ಅಲ್ವಾ? ಬನ್ನಿ, ಬನ್ನಿ" ಎಂದರು. ಮಾಸ್ತರರು ಪಕ್ಕಕ್ಕೆ ಸರಿದರು.

ಹನ್ನೊಂದು ಕಾಲುಗಳು ಬೋಗುಣಿಗೆ ಇಳಿದು ಎದ್ದವು. ನೀರು ಕನ್ನಡಿಯ ಹಾಗಿತ್ತು. ದುರುಗೇಶ ತನ್ನ ಸರದಿ ಬಂದಾಗ ಬಗ್ಗಿ ಪಿಸುಗುಟ್ಟಿದ: "ಫಾದರ್, ನಮ್ಮೂರ ಕಾಯಿ ಆಗಿದ್ರ ಬರೇ ಬಣ್ಣ ಹತ್ತತಿತ್ತರಿ. ಇವತ್ತ ಹೊತ್ತಿದ್ದು ಗುಂಟೂರಿಂದು, ಭಾಳ ಖಾರ ಐತ್ರಿ. ಕಣ್ಣ ಮುಟ್ಟಿಕೋಬ್ಯಾಡ್ರಿ. ಮುತ್ತಂತೂ ಬ್ಯಾಡೇಬ್ಯಾಡ."

"ಇಷ್ಟು ಹೊತ್ತು ನನ್ನ ಕೈಗೆ ಕೆಲಸವೇ ಇರಲಿಲ್ಲ ಮಾರಾಯ" ಎಂದು ಫಾದರ್ ನಕ್ಕರು. ಬೆರಳ ಸಂದು ಬಿಡದೆ ತೊಳೆದರು. ನೀರು ಕೆಂಪಾಯಿತು. ಮುತ್ತಿಟ್ಟರು. ಸೆಕೆಗೆ ಬೆವರಿದ್ದ ಹಣೆ, ಕಣ್ಣುಗಳನ್ನು ಅದೇ ಕೈಯಿಂದ ಒರೆಸಿಕೊಂಡರು.

ಕಣ್ಣೀರು ಧಾರೆಯಾಗಿ ಇಳಿಯಿತು. ಕೆಂಪು ನೀರನ್ನೇ ನೋಡುತ್ತ ಬೆವೆತಿದ್ದ ಮಾಸ್ತರರು ದುರುಗೇಶನ ಕಾಲೊರೆಸಿದ ಟವೆಲಿನಿಂದ ತಾವೂ ಮುಖ ಒರೆಸಿಕೊಂಡರು, ಅವರೂ ಅಳತೊಡಗಿದರು. "ಎಂಥಾ ಭಕ್ತಿ!" ಎಂದು ಯಾರೋ ಬಿಕ್ಕಿದರು. ಹಾಡುವವರು ದನಿ ಏರಿಸಿದರು. "ನೀರ ಹಾಕಬ್ಯಾಡ್ರಿ, ಯಾರರ ಕೊಬ್ಬರಿ ಎಣ್ಣಿ ತರ್ರಿ!" ಎಂದು ದುರುಗೇಶ ಒಂದೇ ಸಮನೆ ಕೂಗುತ್ತಿದ್ದುದು ಯಾರ ಕಿವಿಗೂ ಬೀಳಲಿಲ್ಲ.

ಮಾಸ್ತರರು ಕಟ್ಟಳೆ ಬದಲಿಸಿದ್ದಾರೆ. ಈ ವರ್ಷ ಹನ್ನೆರಡೂ ಜನ ಪೇಟೆಯಲ್ಲಿ ಒಂದು ಸುತ್ತು ಬರಿಗಾಲಲ್ಲಿ ನಡೆದು ನೆಟ್ಟಗೆ ಚರ್ಚಿಗೆ ಬರಬೇಕಾಯಿತು. ಮರೆತು ಕಾಲು ತೊಳೆದುಕೊಂಡು ಬಂದ ದರ್ಜಿಯೊಬ್ಬನನ್ನು ಅವರು ಬಾಗಿಲಲ್ಲೇ ತಡೆದು ವಾಪಸು ಕಳಿಸಿದರು.

ಫಾದರ್ ಕಣ್ಣು ತುಂಬಿದ್ದು ಆ ಕಾಲನ್ನು ಮುಟ್ಟುವ ಮೊದಲೇ ಎಂದು ಮುಂದಿನ ಸಾಲಿನಲ್ಲಿದ್ದ ಸುಧಾರಾಣಿ ಈಗಲೂ ಆಣೆ ಇಡುತ್ತಾಳೆ. "ಎಲ್ಲಾ ಗುಂಟೂರಿನ ಕೆಲಸ" ಎನ್ನುತ್ತಾನೆ ದುರುಗೇಶ. ನಾನು ಕೂತಿದ್ದು ಕೊನೆಯ ಸಾಲಿನಲ್ಲಿ, ಕಂಬದ ಹಿಂದೆ. ನನಗೆ ಗೊತ್ತಿಲ್ಲ.